ಅತ್ತೆ ಕೇಳಿದ ಬಾತುಕೋಳಿ

ಆಟಿಕೆ ತಪಾಸಣೆ ಇಲಾಖೆಯಲ್ಲಿದ್ದ ಸೊಸೆಯ ಮುಖ ಊರಿನ ಅಂಗಡಿಯವರಿಗೆಲ್ಲ ಬಾಯಿಪಾಠವಾಗಿಬಿಟ್ಟಿತ್ತು. ಅವಳು ಬೀದಿಯ ಈ ತುದಿಯಲ್ಲಿ ಬಸ್ಸಿಳಿದರೆ ಸಾಕು, ಆ ತುದಿಯ ಅಂಗಡಿಯಲ್ಲಿ ಕೆಲವು ಡಬ್ಬಿಗಳು ಮಂಗಮಾಯವಾಗುತ್ತಿದ್ದವು.

ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಲು ಥಾಲೇಟ್ ಎಂಬ ರಾಸಾಯನಿಕವನ್ನು ಬೆರೆಸುತ್ತಾರೆ. ಮಗು ಚೀಪಿದರೆ ಅದು ಜೊಲ್ಲಿನ ಜೊತೆ ಹೊಟ್ಟೆಗಿಳಿಯುತ್ತದೆ, ಎಳೆಯ ಮೈಗೆ ಒಳ್ಳೆಯದಲ್ಲ. ಹಾಗಾಗಿ ಮಕ್ಕಳ ಸಾಮಾನಿನಲ್ಲಿ ಅದು ಇಷ್ಟಕ್ಕಿಂತ ಹೆಚ್ಚಿರಬಾರದೆಂದು ಕಾನೂನು ಬಂದಿತ್ತು. ಸ್ನಾನದ ನೀರಿನಲ್ಲಿ ತೇಲಿಬಿಡುವ ಹಳದಿ ಬಾತುಕೋಳಿಯೊಂದನ್ನು ಯಾರೋ ತಾಯಿ ಇಲಾಖೆಗೆ ತಂದುಕೊಟ್ಟಿದ್ದಳು. ಪರೀಕ್ಷೆ ಮಾಡಿದರೆ ಥಾಲೇಟ್ ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚು. ಆದರೆ ಅದರ ಮೇಲೆ ಕಾರ್ಖಾನೆಯ ಹೆಸರಿರಲಿಲ್ಲ. ಸೊಸೆ ಎಡತಾಕಿದ ಅಂಗಡಿಗಳಲ್ಲೆಲ್ಲ ಅಂಥದ್ದನ್ನು ಕಂಡೇ ಇಲ್ಲವೆಂದು ತಲೆಯಲ್ಲಾಡಿಸಿದರು.

ಅವಳು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತ ಈ ಗೋಳು ಹೇಳಿಕೊಂಡಾಗ, ತಾನು ಹೋಗಿ ಕೇಳಿದರೆ ಹೇಗೆ ಎಂದರು ಅತ್ತೆ. ಅವರು ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಸುಳ್ಳು ಹೇಳುವವರನ್ನು ಹಿಡಿಯುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಹೇಳುವುದು ಮಾತ್ರ ಹೊಸದು. ಹಲ್ಲು ಬರುತ್ತಿರುವ ಮೊಮ್ಮಗನೊಬ್ಬನನ್ನು ಸೃಷ್ಟಿಸಿಕೊಂಡು ಕನ್ನಡಿಯ ಮುಂದೆ ತಾಲೀಮು ನಡೆಸಿದರು. ಅವರಿಗಿದ್ದ ಒಬ್ಬಳೇ ಮೊಮ್ಮಗಳು, ಕಾಲೇಜಿಗೆ ಹೋಗುವವಳು, ತನಗೊಬ್ಬ ತಮ್ಮ ಹುಟ್ಟಿದ ಸುದ್ದಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮರುದಿನ ಸೊಸೆ ಎದುರಿನ ಬಸ್ ನಿಲ್ದಾಣದಲ್ಲಿ ಜನರ ಮರೆಯಲ್ಲಿ ನಿಂತಳು. ಅತ್ತೆ ಊರಿನ ದೊಡ್ಡ ಆಟಿಕೆ ಅಂಗಡಿಗೆ ನುಗ್ಗಿ ಮೊಮ್ಮಗನಿಗೊಂದು ಆಟಿಕೆ ಬೇಕೆಂದರು. ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದ ಅಂಗಡಿಯಾತ ಮರದ ಗಿಲಕಿ, ಬಟ್ಟೆಯ ಗೊಂಬೆಗಳನ್ನೆಲ್ಲ ಹರಡಿ ತೋರಿಸಿದ. ಅತ್ತೆ ಒಂದಕ್ಕೂ ಒಪ್ಪಲಿಲ್ಲ. ಮೆತ್ತಗಿನ ಹಳದಿ ಬಾತುಕೋಳಿಯೇ ಆಗಬೇಕೆಂದು ಪಟ್ಟು ಹಿಡಿದರು. ಆತ ಆಚೀಚೆ ನೋಡಿ ಒಳಗೆ ಹೋದ. ಕಾಗದದ ಚೀಲದಲ್ಲಿ ಒಂದನ್ನು ತಂದು ಒತ್ತಿದಾಗ ಅದು ಕೀಂಯ್ ಎಂದಿತು.

ಬರೀ ನೀರಲ್ಲಿ ಆಡುವುದಕ್ಕೆ ತಾನೇ ಎಂದು ಆತ ಕೇಳಿದ. ಪಾತ್ರದೊಳಗೆ ಮುಳುಗಿಹೋಗಿದ್ದ ಅತ್ತೆ, ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೇ ತುರುಕಿಕೊಳ್ಳುತ್ತದೆ ಎಂದುಬಿಟ್ಟರು.

ಆತ ಚೀಲವನ್ನು ತನ್ನ ಕಡೆಗೇ ಎಳೆದುಕೊಂಡ.

"ಹಾಗಾದ್ರೆ ಇದು ಬೇಡಮ್ಮ. ನನ್ನ ಮಗಳ ಕೂಸಿಗೂ ನಾನು ಇದನ್ನ ಕೊಟ್ಟಿಲ್ಲ."

ಹೇಗಾದರೂ ಕೊಂಡು ರಸೀದಿ ಪಡೆಯಬೇಕೆಂದು ಸೊಸೆ ಹೇಳಿಕೊಟ್ಟದ್ದು ಅತ್ತೆಗೆ ಮರೆತೇಹೋಯಿತು.

"ನಿಮ್ಮ ಮಗಳ ಕೂಸಿಗೂ ಬೇಡ, ನನ್ನ ಮೊಮ್ಮಗನಿಗೂ ಬೇಡ. ಮತ್ತೆ ಯಾರ ಮಗೂಗೆ ಅಂತ ಒಳಗಿಟ್ಕೊಂಡಿದೀರಿ?"

ಟಿಕೆಟ್ಟಿಲ್ಲದವನು ಜೇಬು ತಡಕಿ ಮುಗಿಸುವವರೆಗೆ ಕಾದು ಅಭ್ಯಾಸವಿದ್ದ ಅತ್ತೆ ಸುಮ್ಮನೆ ನಿಂತರು. ಆತ ಕನ್ನಡಕ ತೆಗೆದು ಒರೆಸಿದ, ಮತ್ತೆ ಒರೆಸಿದ. ಕೊನೆಗೆ ಒಂದೊಂದಾಗಿ ಬಾಯಿಬಿಟ್ಟ. ಕಾರ್ಖಾನೆಯವರು ಮಾಲು ವಾಪಸು ತೆಗೆದುಕೊಳ್ಳುತ್ತಿಲ್ಲ. ಹೇಗೋ ಸಾಗಹಾಕೋಣವೆಂದರೆ, ಮಗುವನ್ನು ಎತ್ತಿಕೊಂಡು ಬಂದವರನ್ನು ಕಂಡಾಗೆಲ್ಲ ಮನಸ್ಸು ಚುಚ್ಚುತ್ತದೆ. ಅದರ ಮೇಲೆ ಆ ತಪಾಸಣೆಯ ಹೆಂಗಸಿನ ಕಾಟ, ಅವಳು ಬಸ್ಸಿಳಿದಾಗೆಲ್ಲ ಡಬ್ಬಿ ಹೊತ್ತು ಒಳಗೆ ಓಡಬೇಕು.

"ಅವಳು ನನ್ನ ಸೊಸೆ," ಎಂದರು ಅತ್ತೆ. "ಎದುರುಗಡೆ ನಿಂತಿದಾಳೆ. ಕರೀಲಾ?"

ಆತ ಬೀದಿಯತ್ತ ಇಣುಕಿ ನೋಡಿದ. ಆಮೇಲೆ ಏಕೋ ಅವನಿಗೇ ನಗು ಬಂತು. ಕರೆಯಿರಿ ಎಂದ.

ಸೊಸೆ ಗಾಬರಿಯಿಂದ ಓಡಿಬಂದಾಗ ಆತ ಡಬ್ಬಿಗಳನ್ನು ತಾನೇ ಹೊತ್ತು ತಂದು ಹೊರಗೆ ಪೇರಿಸುತ್ತಿದ್ದ, ಅತ್ತೆ ಪಕ್ಕದಲ್ಲಿ ನಿಂತು ಉಸ್ತುವಾರಿ ಮಾಡುತ್ತಿದ್ದರು. ಕಾರ್ಖಾನೆ ಎಲ್ಲಿದೆ, ಮಾಲು ಯಾವ ಗಾಡಿಯಲ್ಲಿ ಬರುತ್ತದೆ, ಎಲ್ಲವನ್ನೂ ಆತ ಹೇಳಿದ. ತಾನಾಗಿಯೇ ಒಪ್ಪಿಸಿದನೆಂದು ಇಲಾಖೆ ಅವನನ್ನು ಎಚ್ಚರಿಕೆ ಕೊಟ್ಟು ಬಿಟ್ಟಿತು.

ಕಾರ್ಖಾನೆಯ ಮಾಲೀಕ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಬಾತುಕೋಳಿ ಇರುವುದು ಆಟಕ್ಕೇ ಹೊರತು ತಿನ್ನುವುದಕ್ಕಲ್ಲ ಎಂದು ವಾದಿಸಿದ. ಹಾಗೆಂದು ಮಕ್ಕಳಿಗೆ ತಿಳಿಸುವುದು ಹೇಗೆಂದು ಸೊಸೆ ಕೇಳಿದಳು. ಕೊನೆಗೆ ಎಲ್ಲ ಅಂಗಡಿಗಳಿಂದ ಮಾಲು ಹಿಂದೆ ಬಂತು. ಬೇರೆ ಪ್ಲಾಸ್ಟಿಕ್ಕಿನಲ್ಲಿ ಮಾಡಿದ ಹೊಸ ಬಾತುಕೋಳಿ ಪರೀಕ್ಷೆಯಲ್ಲಿ ಪಾಸಾಯಿತು; ಕೊಂಚ ಗಟ್ಟಿ, ದನಿಯೂ ಗೊಗ್ಗರು, ಆದರೆ ಸೊಗಸಾಗಿ ತೇಲುತ್ತಿತ್ತು.

ಮನೆಯವರನ್ನು ಸರ್ಕಾರಿ ಕೆಲಸಕ್ಕೆ ಎಳೆದು ತಂದದ್ದಕ್ಕೆ ಸೊಸೆಯ ಮೇಲಧಿಕಾರಿ ಅವಳಿಗೆ ಚೆನ್ನಾಗಿ ಬೈದರು. ಬೈದು ಮುಗಿಸಿ, ಗಂಟಲು ಸರಿಮಾಡಿಕೊಂಡು, ಮಕ್ಕಳ ಬಣ್ಣದ ಪೆಟ್ಟಿಗೆಗಳ ಮೇಲೂ ಒಂದು ಅನುಮಾನವಿದೆ, ಸೋಮವಾರ ಅತ್ತೆಗೆ ಬಿಡುವಿದೆಯೇ ಎಂದು ವಿಚಾರಿಸಿದರು.

ಸಂಜೆ ಸೊಸೆ ಕೇಳಿದಾಗ ಅತ್ತೆ ಗಂಭೀರವಾಗಿ ಯೋಚಿಸಿದರು.

"ಸೋಮವಾರ ಕಣ್ಣಿನ ಡಾಕ್ಟರ ಹತ್ರ ಹೋಗ್ಬೇಕು. ಮಂಗಳವಾರ ಬರ್ತೀನಿ ಅಂತ ಹೇಳು."