ಹಿಂದಿನವನಿಗೆ ಗುಂಡಿ ತೋರಿಸುವುದು

ಗಡಿಯಾರ ರಿಪೇರಿಯವನು ಬೆಳಗಿನಿಂದ ಕಡಲಂಚಿನ ರಸ್ತೆಯಲ್ಲಿ ಎಪ್ಪತ್ತು ಕಿಲೋಮೀಟರ್ ಸೈಕಲ್ ತುಳಿದಿದ್ದ. ಎದುರುಗಾಳಿ ಬೇರೆ, ಮೊಣಕಾಲುಗಳು ಪದ ಹೇಳುತ್ತಿದ್ದವು. ಚಹಾದಂಗಡಿಯ ಮುಂದೆ ಇಳಿದರೆ ಅಂಗಡಿಯವಳು ಕೇಳದೆಯೇ ಎರಡು ಲೋಟ ತಂದಿಟ್ಟಳು.

“ಒಂದೇ ಸಾಕಮ್ಮ.”

“ಹಿಂದೆ ಬರೋರಿಗೆ ಬೇಡ್ವಾ? ದೂರದಿಂದ್ಲೇ ನೋಡಿದೆ, ಕೈ ಕೆಳಗೆ ಚಾಚಿ ಗುಂಡಿ ತೋರಿಸ್ಕೊಂಡು ಬರ್ತಿದ್ರಲ್ಲ?”

ಅವನಿಗೆ ಪಿಚ್ಚೆನಿಸಿತು. ಹದಿನಾಲ್ಕು ವರ್ಷ, ವರ್ಷಕ್ಕೊಮ್ಮೆ, ಇದೇ ದಾರಿಯಲ್ಲಿ ಅವನ ಹಿಂದೆ ಭಾವಮೈದುನ ಬರುತ್ತಿದ್ದ. ಮುಂದಿನವನು ಗುಂಡಿ ತೋರಿಸಬೇಕು, ಹಿಂದಿನವನು ನಂಬಬೇಕು. ಅದೇ ಅವರ ಕರಾರು. ಆ ಪುಣ್ಯಾತ್ಮ ದಾರಿಯುದ್ದಕ್ಕೂ ಅಪಸ್ವರದಲ್ಲಿ ಹಾಡಿ ತಲೆ ತಿನ್ನುತ್ತಿದ್ದ. ಹಾಡು ನಿಂತಿತೆಂದರೆ ಎಲ್ಲೋ ಬಿದ್ದಿದ್ದಾನೆಂದೇ ಅರ್ಥ.

ಹೋದ ವರ್ಷ ಹೆಂಡತಿ ವಿಚ್ಛೇದನ ಪಡೆದು ಹೊರಟುಹೋದಳು. ಅವಳ ತಮ್ಮ, ಈ ಭಾವಮೈದುನನೂ ಅಕ್ಕನ ಕಡೆಯವನಾದ, ಆಗಲೇಬೇಕಲ್ಲ. ಹೆಂಡತಿ ಹೋದದ್ದಕ್ಕೆ ಬೀದಿಯವರೆಲ್ಲ ಬಂದು ಸಮಾಧಾನ ಹೇಳಿದರು. ಭಾವಮೈದುನ ಹೋದದ್ದಕ್ಕೆ ಒಬ್ಬರೂ ಹೇಳಲಿಲ್ಲ.

“ಅವನು ಬರೋದು ತಡ ಆಗುತ್ತೆ,” ಎಂದು ಸುಳ್ಳು ಹೇಳಿ, ಎರಡೂ ಲೋಟ ತಾನೇ ಖಾಲಿ ಮಾಡಿ ಎದ್ದ.

ಸಾಕು ಈ ಹುಚ್ಚಾಟ, ನೋಡಿದವರು ನಗುತ್ತಾರೆ ಎಂದು ತನ್ನನ್ನೇ ಬೈದುಕೊಂಡು ಸೈಕಲ್ ಏರಿದ. ಮುಂದಿನ ತಿರುವಿನಲ್ಲೇ ದೊಡ್ಡದೊಂದು ಗುಂಡಿ ಬಾಯಿ ತೆರೆದುಕೊಂಡಿತ್ತು. ಎರಡೂ ಕೈಯಲ್ಲಿ ಹ್ಯಾಂಡಲ್ ಬಿಗಿಯಾಗಿ ಹಿಡಿದು, ಹಲ್ಲು ಕಚ್ಚಿ, ತೋರಿಸದೆ ದಾಟಿದ. ಹಿಂದಿನಿಂದ ಯಾವ ಸದ್ದೂ ಬರಲಿಲ್ಲ.

ಇಪ್ಪತ್ತು ಮಾರು ಹೋದವನು ಬ್ರೇಕ್ ಹಿಡಿದು, ಕಾಲೂರಿ, ಬಿದ್ದನೇನೋ ಎಂದು ತಿರುಗಿ ನೋಡಿದ.