ರಂಗಮ್ಮನವರ ಗಂಟು

ನಮ್ಮ ಅತ್ತೆ ರಂಗಮ್ಮನವರಿಗೆ ಯಾವುದನ್ನೂ ಸಡಿಲವಾಗಿ ಕಟ್ಟಿ ಗೊತ್ತಿಲ್ಲ. ಹಸುವಿನ ಹಗ್ಗವಾಗಲಿ, ರಾಗಿ ಮೂಟೆಯಾಗಲಿ, ಅವರು ಹಾಕಿದ ಗಂಟು ಬಿಚ್ಚುವವಳು ನಾನು, ಉಗುರು ಮುರಿದುಕೊಳ್ಳುವವಳೂ ನಾನೇ.

ಗಂಡಸಿ ಊರಿನ ನಮ್ಮ ತೆಂಗಿನ ತೋಟದಲ್ಲಿ ಟಿಲ್ಲರ್ ಮಗುಚಿ, ನನ್ನ ಗಂಡ ಲಕ್ಷ್ಮೀಶ ಅವರ ಮೊಣಕಾಲ ಕೆಳಗಿನ ಮಾಂಸ ಕಿತ್ತುಹೋಗಿ ಮೂಳೆ ಕಾಣುತ್ತಿತ್ತು. ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರ್ ಹೇಮಾಶ್ರೀ ಬೆನ್ನಿನ ಒಂದು ಸ್ನಾಯುವನ್ನು ರಕ್ತನಾಳದ ಸಮೇತ ತೆಗೆದು ಗಾಯಕ್ಕೆ ಹೊದಿಸಿ, ಕೂದಲಿಗಿಂತ ಸಣ್ಣ ದಾರದಲ್ಲಿ ನಾಳಕ್ಕೆ ನಾಳ ಹೊಲಿದರು. ಅದು ಬದುಕಿದರೆ ಕಾಲು ಉಳಿಯುತ್ತದೆ, ಸತ್ತರೆ ಕಾಲನ್ನೇ ತೆಗೆಯಬೇಕಾಗಬಹುದು ಎಂದು ಮೊದಲೇ ಹೇಳಿದ್ದರು. ಇಂದು ಎಂಬ ನರ್ಸ್ ಆಗಾಗ ಬಂದು ಪುಟ್ಟ ಯಂತ್ರವೊಂದರ ಕಡ್ಡಿಯನ್ನು ಆ ಸ್ನಾಯುವಿನ ಮೇಲಿಡುತ್ತಿದ್ದಳು. ರಕ್ತ ಓಡುವ ಸದ್ದು ಜುಯ್ ಜುಯ್ ಎಂದು ಕೇಳಿದರೆ ನನಗೆ ಹೋದ ಜೀವ ಬಂದಂತಾಗುತ್ತಿತ್ತು.

ಮರುದಿನ ಸಂಜೆ ಆ ಸದ್ದು ಕ್ಷೀಣಿಸಿತು. ಕೆಂಪಗಿದ್ದ ಸ್ನಾಯು ನೇರಳೆಗೆ ತಿರುಗಿತ್ತು. ಡಾಕ್ಟರ್ ಓಡಿಬಂದು, ಮತ್ತೆ ಆಪರೇಷನ್ ಥಿಯೇಟರಿಗೆ ಸಿದ್ಧಮಾಡಿ ಎಂದರು. ಹೊದಿಕೆ ಪೂರ್ತಿ ಸರಿಸಿದಾಗ ಮೊಣಕಾಲ ಹತ್ತಿರ, ಬ್ಯಾಂಡೇಜಿನ ಮೇಲೆ ಬಿಗಿದ ಕಪ್ಪು ದಾರ ಕಂಡಿತು. ಗಂಟು ನೋಡಿದ ಕೂಡಲೇ ಯಾರದೆಂದು ಗೊತ್ತಾಯಿತು. ಬಿಚ್ಚಲು ಹೋಗಬೇಡಿ, ಕತ್ತರಿಸಿ ಎಂದೆ.

ಡಾಕ್ಟರ್ ರಕ್ತಕ್ಕೆ ಅಡ್ಡವಾಗಿದ್ದ ದಾರ ಕತ್ತರಿಸಿ, ಕಡ್ಡಿ ಹಿಡಿದೇ ಕಾದರು. ನಿಧಾನಕ್ಕೆ ಜುಯ್ ಜುಯ್ ಮರಳಿತು. ಥಿಯೇಟರ್ ಬೇಡವಾಯಿತು. ಆಮೇಲೆ ನನ್ನ ಸಿಟ್ಟು ನೆತ್ತಿಗೇರಿ, ಅತ್ತೆಗೆ ಬಾಯಿಗೆ ಬಂದದ್ದೆಲ್ಲ ಅಂದೆ.

"ನೋಡಕ್ ಬಂದೋರೆಲ್ಲ ಕಾಲನ್ನೇ ದಿಟ್ಟಿಸ್ತಿದ್ರು ಕಣವ್ವ. ದೃಷ್ಟಿ ಆಯ್ತದೆ ಅಂತ ಕಟ್ದೆ" ಎಂದು ಅವರು ಗೋಡೆಗೊರಗಿ ಅತ್ತರು.

ಡಾಕ್ಟರ್ ಬೈಯಲಿಲ್ಲ. ಕತ್ತರಿಸಿದ ದಾರವನ್ನು ಅತ್ತೆಯ ಕೈಗಿತ್ತು, ಯಂತ್ರವನ್ನು ಮುಂದೆ ಹಿಡಿದರು.

"ಇದಕ್ಕೆ ಕಟ್ಟಿ ಅಜ್ಜಿ. ಎಷ್ಟು ಬಿಗಿಯಾಗಿ ಬೇಕಾದ್ರೂ ಕಟ್ಟಿ. ನಿಮ್ಮ ಮಗನ್ನ ಕಾಯ್ತಿರೋದು ಇದೇ."

ಕಳೆದ ವಾರ ಮೂವರೂ ತಪಾಸಣೆಗೆ ಹೋಗಿದ್ದೆವು. ನಮ್ಮವರು ಬಸ್ಸಿನಿಂದ ತಾವೇ ಇಳಿದು ನಡೆದರು. ಬೆನ್ನು ಕಾಲಿಗೆ ಬಂದಿದೆ, ಇನ್ನು ಬೆನ್ನು ನೋವು ಅಂದರೆ ಕಾಲು ಒತ್ತಬೇಕು ಎಂದು ದಾರಿಯುದ್ದಕ್ಕೂ ನನ್ನನ್ನು ರೇಗಿಸಿದರು. ಬೈದೆ, ಆದರೆ ಸಂತೋಷಕ್ಕೆ ನಗುವೇ ಬರುತ್ತಿತ್ತು.

ಆಸ್ಪತ್ರೆಯೊಳಗೆ ಮೇಜಿನ ಮೇಲೆ ಅದೇ ಯಂತ್ರವಿತ್ತು. ಅತ್ತೆಯ ದಾರದ ಪಕ್ಕದಲ್ಲಿ ಈಗ ಇನ್ನೂ ಮೂರ್ನಾಲ್ಕು ದಾರಗಳು, ಒಂದರಲ್ಲಿ ತಾಯಿತ. ಬೇರೆ ರೋಗಿಗಳ ತಾಯಂದಿರು ಕಟ್ಟಿದ್ದು ಎಂದು ನರ್ಸ್ ಹೇಳಿದಳು. ಅತ್ತೆ ಒಂದೊಂದನ್ನೂ ಎಳೆದು ನೋಡಿದರು. ಒಂದು ಸಡಿಲವಾಗಿತ್ತು. ಅದನ್ನು ಬಿಚ್ಚಿ, ತಮ್ಮದೇ ಗಂಟು ಹಾಕಿ ಬಿಗಿದರು.