ಸಪ್ಪೆ ನೀರು

“ಈ ನೀರು ಯಾಕಿಷ್ಟು ಸಪ್ಪೆ?”

ಗಾಳಿಯಮ್ಮ ಕೇಳಿದ್ದು ಗೋಡೆಯನ್ನು. ಪಕ್ಕದಲ್ಲಿ ನಿಂತಿದ್ದ ನಾನಾಗಲಿ, ಗಾಜಿನಾಚೆ ಕೂತಿದ್ದ ಡಾಕ್ಟರಾಗಲಿ ಅವರ ಲೆಕ್ಕದಲ್ಲಿ ಇರಲಿಲ್ಲ.

ಊಟ ಬಿಟ್ಟು ಎಷ್ಟೋ ವರ್ಷವಾಯಿತು, ಗಾಳಿ ಮತ್ತು ಪ್ರಾರ್ಥನೆಯ ನೀರಿನ ಮೇಲೆ ಬದುಕಿದ್ದಾರೆ ಎಂದು ಜನ ಇಟ್ಟ ಹೆಸರು ಅದು. ಆಸ್ಪತ್ರೆಗೆ ಅವರನ್ನು ಯಾರೂ ಎಳೆದು ತಂದಿರಲಿಲ್ಲ. “ಪರೀಕ್ಷೆ ಮಾಡಿ ನೋಡ್ಕೊಳ್ಳಿ, ಹೆದರೋಳಲ್ಲ ನಾನು” ಎಂದು ತಾವೇ ಬಂದಿದ್ದರು. ಬೇಡ ಬೇಡ ಎಂದವನು ಅವರ ತಮ್ಮ ಒಬ್ಬನೇ. ಕೋಣೆಯ ನಲ್ಲಿಗೆ ಮೊಹರು, ಮೂಲೆಯಲ್ಲಿ ಕ್ಯಾಮೆರಾ, ಕಿಟಕಿಗೆ ಬೀಗ. ಕುಡಿಯುವ ನೀರನ್ನು ನರ್ಸಾದ ನಾನೇ ಅಳೆದು ಕೊಡಬೇಕು. ದಿನಾ ಬೆಳಿಗ್ಗೆ ತೂಕ.

ಮನೆಯಲ್ಲಿ ಅವರ ಕ್ರಮ ಬೇರೆ. ಅವರು ಕಣ್ಣು ಮುಚ್ಚಿ ಕೂರುತ್ತಾರೆ. ದೇವರ ಪದ್ಯ ಹೇಳುವವನು ತಮ್ಮ. ಮುಗಿದಾಗ ಲೋಟವನ್ನು ತುಟಿಗಿಡುವವನೂ ಅವನೇ. ಲೋಟ ಬರಿದಾಗುವವರೆಗೆ ಕಣ್ಣು ತೆರೆಯುವಂತಿಲ್ಲ. ನೀರು ಮಂದವಾಗಿ, ಸಿಹಿಯಾಗಿ ಗಂಟಲಿಳಿಯುತ್ತದಂತೆ. “ಪದ್ಯ ಒಳಗಿಳಿದ್ರೆ ನೀರು ಹಾಗಾಗುತ್ತೆ” ಎಂದರು, ಬಲು ಸಹಜವಾಗಿ.

ನಾನೂ ಪದ್ಯ ಕೇಳಿಯೇ ಬೆಳೆದವಳು. ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಕೇಳಿದ ಸಾಲುಗಳು ಇವತ್ತಿಗೂ ಡ್ರಿಪ್ಪಿನ ಹನಿ ನೋಡುತ್ತ ನಿಂತಾಗ ತಾವಾಗಿ ನಾಲಿಗೆಗೆ ಬರುತ್ತವೆ. ಅವರು ಹೇಳು ಎಂದ ಪದ್ಯ ನನಗೆ ಗೊತ್ತಿತ್ತು. ಹೇಳಿದೆ. ಕುಡಿದು ಮುಖ ಕಿವುಚಿದರು.

“ಮಧ್ಯದಲ್ಲಿ ಒಂದು ಸಾಲು ನುಂಗಿದೆ ನೀನು.”

“ಇಲ್ಲಮ್ಮ.”

“ಹಾಗಾದ್ರೆ ಭಕ್ತಿ ಸಾಲದು ನಿಂಗೆ.”

ಚುರ್ರೆಂದಿತು. “ನನ್ನ ಭಕ್ತಿ ತೂಗೋಕೆ ನಿಮ್ಮ ಹತ್ರ ತಕ್ಕಡಿ ಇದ್ಯಾ?” ಎಂದುಬಿಟ್ಟೆ.

ಅಲ್ಲಿಗೆ ಬಂದ ಮೇಲೆ ಅವರು ನಕ್ಕಿದ್ದು ಅದೇ ಮೊದಲು. “ಬಾಯಿ ಇದೆ ಕಣೇ ನಿಂಗೆ.”

ಮರುದಿನ ಪದ್ಯವನ್ನು ತಾವೇ ಹೇಳಿಕೊಂಡು ಕುಡಿದರು. ಆಗಲೂ ಸಪ್ಪೆ. ಹೊರಗೆ ಊಟದ ಗಾಡಿ ಗಡಗಡ ಹೋದಾಗ ಅವರ ಮೂಗು ಆ ಕಡೆ ತಿರುಗುತ್ತಿತ್ತು. ನಾನು ನೋಡಿದೆನೆಂದು ತಿಳಿದರೆ ಮುಖ ಬಿಗಿಯುತ್ತಿದ್ದರು. ತೂಕ ಇಳಿಯುತ್ತಲೇ ಇತ್ತು. ಗೋಡೆ ಹಿಡಿಯದೆ ನಡೆಯಲಾಗುತ್ತಿರಲಿಲ್ಲ.

ಡಾಕ್ಟರು ಒಳಗೆ ಬಂದರು. “ಸಾಕಮ್ಮ, ನಿಲ್ಲಿಸೋಣ. ಮೈ ತನ್ನನ್ನೇ ತಿಂತಾ ಇದೆ. ಹೀಗೇ ಬಿಟ್ರೆ ಜೀವ ಉಳಿಯಲ್ಲ.”

“ನನ್ನ ತಮ್ಮನ್ನ ಕರೆಸಿ. ಅವನು ಪದ್ಯ ಹೇಳ್ಲಿ. ಆಗ್ಲೂ ಹೀಗೇ ಇದ್ರೆ ನಿಮ್ಮ ಮಾತು ಕೇಳ್ತೀನಿ.”

ಡಾಕ್ಟರು ಒಪ್ಪಿದರು, ಆದರೆ ಅವನು ಲೋಟ ಮುಟ್ಟಬಾರದು ಎಂದರು.

ಬಂದವನ ಜೇಬು, ತೋಳು ತಡವಿ ನೋಡಿ ಬಾಗಿಲ ಬಳಿಯೇ ನಿಲ್ಲಿಸಿದೆವು. “ಲೋಟ ಕೈಯಲ್ಲಿ ಹಿಡಿದೇ ಹೇಳೋದು ನಮ್ಮ ಪದ್ಧತಿ” ಎಂದು ತಕರಾರು ತೆಗೆದ.

“ಪದ್ಯ ಇರೋದು ಬಾಯಲ್ಲೋ ಕೈಯಲ್ಲೋ? ಹೇಳೋ ಸುಮ್ನೆ” ಎಂದರು ಅಕ್ಕ.

ಹೇಳಿದ. ಎಂಥ ಕಂಠ! ಸುಳ್ಳು ಯಾಕೆ ಹೇಳಲಿ, ನನ್ನ ಮೈ ಜುಮ್ಮೆಂದಿತು. ನಾನು ಲೋಟ ಕೊಟ್ಟೆ. ಗಾಳಿಯಮ್ಮ ಕಣ್ಣು ಮುಚ್ಚಿ ಒಂದು ಗುಟುಕು ಕುಡಿದರು. ಲೋಟ ಬರಿದಾಗುವ ಮೊದಲೇ ಕಣ್ಣು ತೆರೆದರು.

“ಏನು ಬೆರೆಸ್ತಿದ್ದೆ?”

ಅವನು ನೆಲ ನೋಡಿದ. “ಹಾಲಿನ ಪುಡಿ, ಸಕ್ಕರೆ, ಹುರಿದ ಕಾಳಿನ ಹಿಟ್ಟು. ಊಟ ಮುಟ್ಟಲ್ಲ ಅಂತ ನೀನು ಹಟ ಹಿಡಿದೆ. ಕಣ್ಣೆದುರಿಗೇ ಸಾಯೋಕೆ ಬಿಡ್ಬೇಕಿತ್ತಾ? ಆಮೇಲೆ ಜನ ಬರೋಕೆ ಶುರು ಮಾಡಿದ್ರು...”

ಗಾಳಿಯಮ್ಮ ಲೋಟವನ್ನು ಕೆಳಗಿಟ್ಟರು. ನನ್ನ ಕಡೆ ತಿರುಗಿ, “ಹಾಲು ತಗೊಂಡ್ ಬಾ” ಎಂದರು.

ಒಮ್ಮೆಗೇ ಬೇಡ, ಚಮಚದಲ್ಲಿ ಕೊಡು ಎಂದರು ಡಾಕ್ಟರು. ನಾನು ಮಂಚದ ಅಂಚಿಗೆ ಕೂತು ಕೊಡತೊಡಗಿದೆ. ಗಲ್ಲದ ಮೇಲೆ ಹಾಲಿನ ಹನಿ ಇಳಿದರೂ ಒರೆಸಿಕೊಳ್ಳುವ ಗೊಡವೆ ಅವರಿಗಿರಲಿಲ್ಲ.

ತಮ್ಮ ಬಂದು ಕಾಲ ಬಳಿ ಕುಕ್ಕರಿಸಿದ. “ಅಕ್ಕಾ, ಆಸ್ಪತ್ರೆ ಮೆಟ್ಟಿಲ ತುಂಬ ನಿನ್ನನ್ನ ನಂಬಿದ ಜನ ಕಾಯ್ತಿದ್ದಾರೆ. ಈ ಕೋಣೆ ಸರಿಯಿಲ್ಲ, ಇಲ್ಲಿ ಪದ್ಯ ಫಲಿಸ್ಲಿಲ್ಲ ಅಂತ ಒಂದೇ ಒಂದು ಮಾತು ಹೇಳಿಬಿಡು. ಕಾಲಿಗೆ ಬೀಳ್ತೀನಿ, ನನ್ನ ಮಾನ ಉಳಿಸು.”

ಅವರು ಬಾಯಲ್ಲಿದ್ದುದನ್ನು ನುಂಗಿದರು.

“ನಾವಿಬ್ರೂ ಮಾಡಿದ್ದನ್ನ ಪದ್ಯದ ತಲೆಗೆ ಕಟ್ಲಾ? ಹೇಳಲ್ಲ. ಏಳು.”